ಹೊಸ ಡೆಸ್ಕಿನ ಅಡಿ

ಬಣ್ಣದ ವಾಸನೆ, ಕಿಟಕಿಗಳೆಲ್ಲ ತೆರೆದಿದ್ದರೂ ಹೋಗದ ಹಸಿರು ಬಣ್ಣದ ಹಸಿ ವಾಸನೆ, ಹೊಸ ಮರಕ್ಕೆ ಇಷ್ಟು ದಪ್ಪ ಬಣ್ಣ ಯಾಕಪ್ಪಾ ಎಂದುಕೊಳ್ಳುತ್ತಲೇ ಅವಳು ಡೆಸ್ಕಿನ ಅಂಚು ಹಿಡಿದಳು, ಸುಮ್ಮನೆ ಅಡಿಗೆ ಹೋದ ಬೆರಳಿಗೆ ಏನೋ ತಾಗಿತು, ಗಟ್ಟಿ, ಉಬ್ಬು, ಉಗುರಿಗೂ ಜಗ್ಗದ್ದು, ಪಕ್ಕದಲ್ಲೇ ಇನ್ನೊಂದು, ಹಿಂದಿನ ಡೆಸ್ಕಿನಲ್ಲೂ ಒಂದು — ಶಾಲೆಯ ಛಾವಣಿ ರಿಪೇರಿ ನಿಜವಾಗಿ ಆಗಿದೆಯೋ ಇಲ್ಲವೋ ನೋಡಲು ಬಂದ ತನಿಖಾಧಿಕಾರಿ, ಇಸ್ತ್ರಿ ಬಟ್ಟೆ ತೊಟ್ಟವಳು, ಖಾಲಿ ತರಗತಿಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಅಡಿಯಲ್ಲಿ ಬಣ್ಣವೇ ಇಲ್ಲ. ಕಂದು ಮರ, ಮಾಸಿದ ಮುದಿ ಮರ, ಅದರ ತುಂಬ ಚೂಯಿಂಗ್ ಗಮ್, ಅಗಿದು ಅಗಿದು ಸಪ್ಪೆಯಾದ ಮೇಲೆ ಟೀಚರ್ ಬಂದ ಸದ್ದಿಗೆ ಗಬಕ್ಕನೆ ಅಂಟಿಸಿದ್ದು, ಈಗ ಕಲ್ಲು, ಮೊನ್ನೆ ತಾನೇ ಕಾರ್ಖಾನೆಯಿಂದ ಬಂತೆನ್ನುವ ಡೆಸ್ಕಿಗೆ ಎಷ್ಟೋ ವರ್ಷಗಳ ಎಂಜಲು, ಅವುಗಳಲ್ಲೊಂದರ ಮೇಲೆ ಒಂದು ಪುಟ್ಟ ಹೆಬ್ಬೆರಳಿನ ಗುರುತು, ಗೆರೆಗೆರೆಯೂ ಸ್ಪಷ್ಟ, ಮೇಲಿನಿಂದ ಇಳಿದ ಹಸಿರು ಹನಿಯೊಂದು ಅದರ ಅಂಚಿನಲ್ಲೇ ನಿಂತು ಒಣಗಿದೆ. ಮೇಡಂ, ಛಾವಣಿ ಮೇಲಿದೆ, ಎಂದರು ಬಾಗಿಲಲ್ಲಿ ನಿಂತ ಹೆಡ್‌ಮಿಸ್ಟ್ರೆಸ್ಸು, ತಲೆ ಸುತ್ತು ಬಂತಾ, ನೀರು ತರಿಸ್ಲಾ? ಇಲ್ಲ ಮೇಡಂ, ನೀವೂ ಬಗ್ಗಿ ಒಂದ್ಸಲ. ಈ ಮಂಡಿ ಇಟ್ಕೊಂಡಾ, ಬಗ್ಗಿಸಿದ್ರೆ ಏಳ್ಸೋಕೆ ಇಡೀ ಶಾಲೆ ಬೇಕು, ಎನ್ನುತ್ತಲೇ ಬಗ್ಗಿದರು, ಆಮೇಲೆ ನಗು, ಬಾಯಿಗೆ ಕೈ ಅಡ್ಡ ಇಟ್ಟರೂ ನಿಲ್ಲದ ನಗು — ತಲೆಗೆ ಡೈ ಹಚ್ಕೊಂಡು ಮೀಸೆ ಮರೆತ ಹಾಗಾಯ್ತಲ್ರೀ, ರಿಪೇರಿಗೆ ಅಂತ ಹಳೇ ಡೆಸ್ಕುಗಳನ್ನ ಹೊತ್ತುಕೊಂಡು ಹೋದ ಲಾರೀನೇ ಹೊಸದನ್ನ ತಂದಾಗ್ಲೇ ನಂಗನ್ನಿಸ್ತು, ಆದ್ರೆ ಹೇಳೋದು ಯಾರಿಗೆ, ದೂರು ಬರೆದ್ರೆ ಅದು ಉಗ್ರಾಣಕ್ಕೇ ಹೋಗೋದು, ಉಗ್ರಾಣದಿಂದಲೇ ಉತ್ತರ ಬರೋದು, ಹಾಲಿಗೆ ಬೆಕ್ಕಿನ ಕಾವಲು, ನಿಮ್ಮ ಆಫೀಸು ಯಾರ ಕೈಕೆಳಗೂ ಇಲ್ವಂತಲ್ಲ, ನಿಜಾನಾ ಮೇಡಂ?

ನಿಜಾನಾ. ಉಗ್ರಾಣ ಎಂದರೆ ಭಾವ, ಅಕ್ಕನ ಗಂಡ, ಜಿಲ್ಲೆಯ ಶಾಲೆಗಳಿಗೆ ಬರುವ ಸಾಮಾನನ್ನೆಲ್ಲ ಇಳಿಸಿಕೊಂಡು, ನೋಡಿ, ಸರಿಯಿದೆ ಎಂದು ರುಜು ಹಾಕಿ ಹಂಚುವ ಭಾವ — ಅವಳು ಶಾಲೆಗೆ ಸೇರಿದ ವರ್ಷ ಬ್ಯಾಗು ಕೊಡಿಸಲು ಕರೆದೊಯ್ದವನೂ ಅವನೇ, ಅವಳು ಫಳಫಳ ಹೊಳೆಯುವ ಕೆಂಪು ಬ್ಯಾಗನ್ನು ಎದೆಗವುಚಿಕೊಂಡಿದ್ದಳು, ಭಾವ ಅದನ್ನು ಬಿಡಿಸಿ, ಅಂಗಡಿಯವನ ಎದುರೇ ಒಳಗುಹೊರಗು ಮಾಡಿದ, ನೋಡು ಗುಬ್ಬಿ, ಹೊರಗಿನ ಹೊಳಪು ಅಂಗಡಿಯವರಿಗೆ, ಒಳಗಿನ ಹೊಲಿಗೆ ನಮಗೆ, ಯಾವಾಗ್ಲೂ ಅಡಿ ನೋಡ್ಬೇಕು ಎಂದ, ಆ ದಿನ ತಂದ ಬ್ಯಾಗು ಮಣ್ಣಿನ ಬಣ್ಣದ್ದು, ಎಷ್ಟು ಅತ್ತಳೋ, ಎಷ್ಟು ವರ್ಷ ಬಾಳಿತೋ. ಹಾಗೆ ಹೇಳಿಕೊಟ್ಟವನು ಇದರ ಅಡಿ ನೋಡಲಿಲ್ಲವೇ, ನೋಡಿಯೂ ರುಜು ಹಾಕಿದನೇ, ಎರಡರಲ್ಲಿ ಯಾವುದು ಹೆಚ್ಚು ನೋವಿನದು — ಬೆಳಿಗ್ಗೆ ಫೋನಿನಲ್ಲಿ ಎಂದಿನ ಅದೇ ದನಿ, ಈ ಕಡೆ ಬಂದಿದೀಯಂತೆ, ಮಧ್ಯಾಹ್ನ ಊಟಕ್ಕೆ ಬಾ, ಛಾವಣಿ ಎಲ್ಲೂ ಓಡಿಹೋಗಲ್ಲ, ನಿಮ್ಮಕ್ಕ ಆಗ್ಲೇ ಒಲೆ ಹಚ್ಚಿದಾಳೆ. ಹೋಗಬಹುದು. ಕೈ ತೊಳೆಯುವಾಗ ಮೆಲ್ಲಗೆ ಹೇಳಬಹುದು, ಭಾವ, ಇವನ್ನ ವಾಪಸು ತಗೊಂಡು ಹೊಸದನ್ನೇ ಕಳ್ಸಿಬಿಡಿ, ಮಕ್ಕಳಿಗೆ ಡೆಸ್ಕು ಸಿಗುತ್ತದೆ, ಅಕ್ಕನ ಕೈಯಿಂದ ಸೌಟು ಜಾರುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ, ಮುಂದಿನ ಶಾಲೆಗೆ ಇದೇ ಲಾರಿ ಇದೇ ಹಸಿರು ಬಳಿದುಕೊಂಡು ಹೋಗುತ್ತದೆ — ಪಕ್ಕದ ಕೋಣೆಯಲ್ಲಿ ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿದ್ದಾರೆ, ನೆಲದ ಮೇಲೆ ಕೂತು, ಯಾರೋ ತಪ್ಪಿದರು, ಎಲ್ಲರೂ ನಕ್ಕರು, ಮತ್ತೆ ಮೊದಲಿಂದ. ಆಫೀಸಿನಲ್ಲಿ ಎಲ್ಲರೂ ಭೂತಗನ್ನಡಿ ಎಂದು ಕರೆಯುವ ಅವಳ ಸಾಹೇಬರು ಅವಳು ಕೆಲಸಕ್ಕೆ ಸೇರಿದ ದಿನವೇ ಅಂದಿದ್ದರು, ಕಣ್ಣು ಚುರುಕಾಗಿದ್ರೆ ಸಾಲದಮ್ಮ, ನಮ್ಮನೆ ಧೂಳೇ ಕಣ್ಣಿಗೆ ಬಿದ್ದಾಗ ದೀಪ ಬೇರೆಯವ್ರ ಕೈಗೆ ಕೊಡ್ಬೇಕು, ಅವತ್ತು ತಲೆಯಾಡಿಸಿದ್ದಳು, ಎಷ್ಟು ಸುಲಭವಾಗಿ. ಪುಟ್ಟ ಹೆಬ್ಬೆರಳು, ಅಲ್ಲೇ ನಿಂತ ಹಸಿರು ಹನಿ. ಮಲಗಿದಲ್ಲಿಂದಲೇ ಫೋನು, ಸರ್, ಡೆಸ್ಕುಗಳೆಲ್ಲ ಹಳೇವು, ಬಣ್ಣ ಮಾತ್ರ ಹೊಸದು, ಇದನ್ನ ನನ್ನ ಕೈಯಿಂದ ತಗೊಳ್ಳಿ ಸರ್, ಉಗ್ರಾಣದವ್ರು ನಮ್ಮ ಭಾವ. ಆ ಕಡೆ ಭೂತಗನ್ನಡಿಯವರು ಉಸಿರೆಳೆದುಕೊಂಡದ್ದು ಕೇಳಿಸಿತು, ಊಟ ಆಯ್ತಾ? ಇಲ್ಲ ಸರ್. ಅವ್ರ ಮನೇಲಿ ಮಾತ್ರ ಬೇಡ, ಕೋಣೆಗೆ ಬೀಗ ಹಾಕ್ಸು, ಬೇರೆಯವ್ರನ್ನ ಈಗ್ಲೇ ಕಳಿಸ್ತೀನಿ, ಮತ್ತೆ — ಒಳ್ಳೇದು ಮಾಡ್ದೆ ಕಣಮ್ಮ.

ಹೆಡ್‌ಮಿಸ್ಟ್ರೆಸ್ಸು ಬೀಗ ತರಲು ಹೋದರು, ಮಂಡಿ ನೋವು ಎಲ್ಲಿ ಹೋಯಿತೋ, ಓಡಿಯೇ ಹೋದರು, ಅವಳ ಕೈಯಲ್ಲಿ ಫೋನು ಮತ್ತೆ ನಡುಗುತ್ತಿದೆ, ಭಾವ. ಎಲ್ಲಿದೀಯ ಗುಬ್ಬಿ, ಎಲ್ಲ ಆರ್ತಾ ಇದೆ. ಇವತ್ತು ಬರೋಕಾಗಲ್ಲ ಭಾವ. ಯಾಕೆ, ಛಾವಣಿ ಸೋರ್ತಿದ್ಯಾ? ಅದನ್ನ ಹೇಳೋ ಹಾಗಿಲ್ಲ ಭಾವ. ಒಳಗೆಲ್ಲೋ ಅಕ್ಕ ತಟ್ಟೆ ಇಡುವ ಸದ್ದು, ಬರ್ತಾಳಂತಾ ಎಂದು ಕೂಗಿ ಕೇಳುವ ಸದ್ದು, ಆಮೇಲೆ ಭಾವನ ದನಿ, ಎಷ್ಟೋ ಕೆಳಗಿನಿಂದ, ಆ ಅಂಗಡಿಯ ದಿನದಿಂದ ಬಂದ ಹಾಗೆ — ಅಡಿ ನೋಡಿದ್ಯಾ? ಅದನ್ನೂ ಹೇಳೋ ಹಾಗಿಲ್ಲ ಭಾವ. ನಾನು ನೋಡಿದ್ದೆ ಗುಬ್ಬಿ, ಬಾಯಿ ಬಿಡೋ ಧೈರ್ಯ ಬರ್ಲಿಲ್ಲ, ಯಾರೇ ಬಂದು ಕೇಳ್ಲಿ ಹೇಳ್ತೀನಿ, ನಿಮ್ಮಕ್ಕಂಗೆ ಇವತ್ತೇ ಹೇಳ್ತೀನಿ, ಇಡ್ಲಾ? ಇಟ್ಟ. ಅಳು ಬರುತ್ತದೆ ಎಂದುಕೊಂಡಳು, ಬಂದದ್ದು ಉಸಿರು, ಎದೆತುಂಬ, ಪಕ್ಕದ ಕೋಣೆಯ ಮಗ್ಗಿ ಈ ಸಲ ಎಲ್ಲೂ ತಪ್ಪದೆ ಕೊನೆ ಮುಟ್ಟಿತು, ಹೋ ಎಂದು ಕೂಗಿದವು ಮಕ್ಕಳು, ಇನ್ನು ಏಳಬೇಕು, ಬಟ್ಟೆ ಕೊಡವಿಕೊಳ್ಳಬೇಕು, ಕೋಣೆಯಿಂದ ಹೊರಗೆ ಹೋಗಬೇಕು, ಏಳುವ ಮೊದಲು ಒಮ್ಮೆ, ಮುಟ್ಟದೆ, ತನ್ನ ಹೆಬ್ಬೆರಳನ್ನು ಆ ಗುರುತಿನ ಹತ್ತಿರ ಹಿಡಿದಳು, ಎಷ್ಟು ಪುಟ್ಟದು, ಯಾರೋ ಕೂತಿದ್ದರು ಇಲ್ಲಿ, ಗಟ್ಟಿಯಾಗಿ ಒತ್ತಿದ್ದರು, ಹಸಿರು ಹನಿ ಅಲ್ಲಿಯವರೆಗೆ ಬಂದು ದಾಟಲಾರದೆ ನಿಂತಿದೆ, ಪುಟ್ಟ ಹೆಬ್ಬೆರಳು, ಗೆರೆಗೆರೆಯೂ ಹಾಗೇ —