ಸುಮನಾಳ ಗದ್ದ

ಮೊದಲ ಸಲ ಲೇಸರ್ ಮಾಡಿಸಿಕೊಂಡು ಬಂದಾಗ ಸುಮನಾ ಮನೆಯವರು ಹೇಳಿದ್ದನ್ನೆಲ್ಲ ಕೇಳಿದಳು. ಕೆಟ್ಟಿದ್ದು ಅಲ್ಲೇ.

ಅವಳು ಗುಬ್ಬಿಯವಳು. ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ದಿನಾ ಸ್ಕೂಟರಿನಲ್ಲಿ ಓಡಾಟ. ಕಾಲೇಜಿನ ದಿನಗಳಲ್ಲೇ ಗದ್ದದ ಕೆಳಗೆ ದಪ್ಪ ಕೂದಲು ಶುರುವಾಗಿತ್ತು. ಹಾರ್ಮೋನ್ ಏರುಪೇರು ಅಂದಿದ್ದರು. ಮಾತ್ರೆ ನುಂಗಿದಳು, ಪಾರ್ಲರಿನಲ್ಲಿ ದಾರ ಹಾಕಿ ಕೀಳಿಸಿದಳು. ಕಿತ್ತ ಜಾಗದಲ್ಲಿ ಗುಳ್ಳೆ, ಗುಳ್ಳೆ ಆರುವಷ್ಟರಲ್ಲಿ ಮತ್ತೆ ಕೂದಲು. ಯಾರ ಜೊತೆ ಮಾತಾಡಿದರೂ ಗದ್ದದ ಮೇಲೆ ಕೈ ಇಟ್ಟುಕೊಂಡು ಮಾತಾಡುವುದು ಅಭ್ಯಾಸವಾಗಿಹೋಗಿತ್ತು. ಒಂದು ದಿನ ಫ್ಯಾಕ್ಟರಿಯ ಫೋಟೋ ಒಂದರಲ್ಲಿ ತನ್ನನ್ನು ನೋಡಿಕೊಂಡಳು. ಎಲ್ಲರೂ ನಗುತ್ತಿದ್ದರು, ಅವಳೊಬ್ಬಳು ಹಲ್ಲುನೋವು ಬಂದವಳ ಹಾಗೆ ನಿಂತಿದ್ದಳು. ಆ ವಾರವೇ ತುಮಕೂರಿನಲ್ಲಿ ಚರ್ಮದ ಡಾಕ್ಟರ್ ಸುಧಾ ಅವರನ್ನು ಕಂಡು ಬಂದಳು.

ಕೂದಲ ಬೇರು ಸುಡುವ ಲೇಸರ್ ಮಾಡಿದ ಮೇಲೆ ಡಾಕ್ಟರ್ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಚರ್ಮ ಕೆಂಪಾಗುತ್ತೆ, ತಣ್ಣನೆ ಬಟ್ಟೆ ಇಡು. ಬಿಸಿಲು ತಾಕಿಸಬೇಡ. ಬಿಸಿನೀರು, ಹಬೆ ಬೇಡ. ಅರಿಶಿನ, ನಿಂಬೆ, ಬ್ಲೀಚ್ ಏನೂ ಹಚ್ಚಬೇಡ. ಸುಟ್ಟ ಕೂದಲು ಒಂದೆರಡು ವಾರದಲ್ಲಿ ಕರ್ರಗೆ ಮೇಲೆ ಬರುತ್ತೆ, ತಾನೇ ಉದುರುತ್ತೆ, ಕೀಳಬೇಡ.

ಮನೆಗೆ ಬಂದಾಗ ಅಜ್ಜಿ ಗಿರಿಯಮ್ಮ ಮೊಮ್ಮಗಳ ಮುಖ ನೋಡಿ ಎದೆ ಬಡಿದುಕೊಂಡರು. "ಮಗೀನ ಮುಖ ಬೇಯ್ಸಿ ಕಳ್ಸವ್ರಲ್ಲೇ ಕರಿಬಸಮ್ಮ" ಅಂತ ಸೊಸೆಯನ್ನು, ಸುಮನಾಳ ಅಮ್ಮನನ್ನು ಕರೆದರು. ಕೆನೆಗೆ ಅರಿಶಿನ ಕಲಸಿ, ನಿಂಬೆ ಹಿಂಡಿ, ತಾವೇ ಗದ್ದಕ್ಕೆ ಮೆತ್ತಿದರು. ಅಜ್ಜಿಯ ಕೈ ತಂಪಾಗಿತ್ತು, ಸುಮನಾ ಬೇಡ ಅನ್ನಲಿಲ್ಲ. ಮಾರನೆ ದಿನ ಹೆಲ್ಮೆಟ್ ಪಟ್ಟಿ ಅದೇ ಜಾಗಕ್ಕೆ ಉಜ್ಜಿಕೊಂಡು ಬಿಸಿಲಲ್ಲಿ ಸ್ಕೂಟರ್ ಓಡಿಸಿದಳು. ವಾರ ಕಳೆದು ಸುಟ್ಟ ಕೂದಲು ಕರ್ರಗೆ ಕಾಣಿಸಿಕೊಂಡಾಗ ಲೇಸರಿನಿಂದ ಇನ್ನೂ ಜಾಸ್ತಿ ಆಯಿತೆಂದು ಹೆದರಿ ಪಾರ್ಲರಿಗೆ ಹೋಗಿ ಕೀಳಿಸಿಬಿಟ್ಟಳು.

ಗದ್ದದ ತುಂಬ ಸುಟ್ಟ ಹಪ್ಪಳದ ಬಣ್ಣದ ಕಲೆಗಳು ಬಿದ್ದವು. ಡಾಕ್ಟರ್ ಬೈಯಲಿಲ್ಲ. "ಕಲೆ ತಿಳಿಯಾಗೋವರೆಗೂ ಲೇಸರ್ ಮುಟ್ಟಲ್ಲ" ಅಂದರು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಿತು.

"ಸಾಕು ಬುಡು" ಅಂದರು ಅಮ್ಮ. "ಇರೋ ಮುಖಾನೂ ಕೆಡಿಸ್ಕೊಂಡೆ."

"ಲೇಸರ್ ಕೆಡಿಸಿಲ್ಲ ಅಮ್ಮ. ಆಮೇಲೆ ನಾವು ಮಾಡಿದ್ದು ಕೆಡಿಸ್ತು. ಇನ್ನೊಂದ್ಸಲ ಮಾಡಿಸ್ತೀನಿ. ಈ ಸಲ ಡಾಕ್ಟರ್ ಹೇಳಿದ್ದು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ. ನಿನ್ನ ಮಾತೂ ಕೇಳಲ್ಲ."

ಹಾಗೇ ಮಾಡಿದಳು. ಎರಡನೇ ಸಲ ಮಾಡಿಸಿಕೊಂಡು ಬಂದವಳು ಅಜ್ಜಿ ಬಟ್ಟಲು ಹಿಡಿದು ಬರುವ ಮುಂಚೆಯೇ ಕೈ ಅಡ್ಡ ಇಟ್ಟಳು. ಅಜ್ಜಿಗೆ ಕೋಪ ಬಂತು, ಆ ಹೊತ್ತು ಊಟ ಮಾಡಲಿಲ್ಲ. ಸುಮನಾ ಅದಕ್ಕೂ ಜಗ್ಗಲಿಲ್ಲ. ಐಸನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿಕೊಂಡಳು, ಡಾಕ್ಟರ್ ಕೊಟ್ಟ ಕ್ರೀಮ್ ಹಚ್ಚಿಕೊಂಡಳು, ತಲೆಗೆ ನೀರು ಹಾಕಿಕೊಳ್ಳುವಾಗ ಹಂಡೆಯ ಬಿಸಿನೀರು ಮುಖಕ್ಕೆ ಬೀಳದ ಹಾಗೆ ಬಗ್ಗಿ ನಿಂತಳು. ಸ್ಕೂಟರ್ ನಿಲ್ಲಿಸಿ ಬಸ್ಸಿಗೆ ಹೋಗತೊಡಗಿದಳು, ಬಿಸಿಲು ಬೀಳದ ಕಡೆಯ ಸೀಟೇ ಬೇಕು ಅವಳಿಗೆ, ಇಲ್ಲದಿದ್ದರೆ ನಿಂತೇ ಹೋಗುವಳು. ಊಟದ ಬಿಡುವಿನಲ್ಲಿ ಮತ್ತೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವಾಗ ಲೈನಿನ ಹುಡುಗಿಯರು, "ಯಾವ ಹುಡುಗನ್ನ ನೋಡಕ್ಕೆ ಹೋಗ್ತಿದೀರ ಮೇಡಂ" ಅಂತ ಕಾಲೆಳೆದರು. ಅವಳು ಅವರ ಮುಂದೆಯೇ ಕನ್ನಡಿ ಹಿಡಿದು ನಿಧಾನವಾಗಿ ಹಚ್ಚಿ ಮುಗಿಸಿದಳು.

ಎಲ್ಲ ಸರಿಯಾಗಿ ನಡೆಯುತ್ತಿತ್ತು. ಆಗ ಕುಣಿಗಲ್‌ನಿಂದ ಫೋನ್ ಬಂತು. ಸೋದರಮಾವನ ಮಗಳು ಪಲ್ಲವಿಯ ಮದುವೆ ಅಂದುಕೊಂಡದ್ದಕ್ಕಿಂತ ಮೊದಲೇ ಗೊತ್ತಾಗಿತ್ತು. ಹುಡುಗನಿಗೆ ರಜೆ ಸಿಕ್ಕಿದ್ದು ಈಗ, ಆದ್ದರಿಂದ ಮದುವೆಯೂ ಈಗ. ಸುಮನಾ ಪಲ್ಲವಿಯ ಪಕ್ಕದಲ್ಲೇ ಇರಬೇಕು. ಅಷ್ಟೇ ಅಲ್ಲ, ಸಿ.ಎಸ್. ಪುರದ ಕಡೆಯವರು, ಕಿರಣ್‌ಕುಮಾರ್ ಅಂತ ಹುಡುಗ, ತುಮಕೂರಿನಲ್ಲಿ ಕೆಲಸ, ಅವನ ತಾಯಿ ಮದುವೆಗೆ ಬರುತ್ತಾರೆ, ಸುಮನಾಳನ್ನು ಅಲ್ಲೇ ನೋಡಿಕೊಂಡು ಹೋಗುತ್ತಾರೆ.

ಗದ್ದದಲ್ಲಿ ಸುಟ್ಟ ಕೂದಲು ಸರಿಯಾಗಿ ಅದೇ ಹೊತ್ತಿಗೆ ಮೇಲೆ ಬರುತ್ತಿತ್ತು. ಕೈ ಆಡಿಸಿದರೆ ತೆಂಗಿನ ನಾರು ಮುಟ್ಟಿದ ಹಾಗೆ. ಅರ್ಧ ಉದುರಿತ್ತು, ಅರ್ಧ ಹಾಗೇ ನಿಂತಿತ್ತು.

ಅವಳು ಡಾಕ್ಟರಿಗೆ ಫೋನ್ ಮಾಡಿ, ಕೀಳದೆ ಏನಾದರೂ ಮಾಡಬಹುದಾ ಅಂತ ಕೇಳಿದಳು.

"ಕೆಂಪು, ಉರಿ ಪೂರ್ತಿ ಹೋಗಿದೆಯಾ?"

"ಹೋಗಿದೆ ಮೇಡಂ."

"ಹಾಗಿದ್ರೆ ಶೇವ್ ಮಾಡ್ಕೋ. ಹೊಸ ರೇಜರ್, ಮೇಲೆ ಜೆಲ್, ಕೂದಲು ಬಗ್ಗಿರೋ ದಿಕ್ಕಿಗೇ. ಒತ್ತಬೇಡ. ಕೀಳೋದು ಮಾತ್ರ ಬೇಡ."

ಕುಣಿಗಲ್‌ಗೆ ಹೋದವಳು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಒಂದು ರೇಜರ್ ಕೊಂಡಳು. ಅಂಗಡಿಯವನು ಕೇಳದಿದ್ದರೂ "ಅಣ್ಣಂಗೆ" ಅಂದಳು. ಹೊರಗೆ ಬಂದ ಮೇಲೆ ಯಾಕೆ ಹಾಗಂದೆ ಅಂತ ತನ್ನ ಮೇಲೇ ಸಿಟ್ಟು ಬಂತು. ಅವಳಿಗೆ ಅಣ್ಣನೇ ಇರಲಿಲ್ಲ.

ಮದುವೆಯ ಬೆಳಿಗ್ಗೆ ಛತ್ರದ ಹೆಂಗಸರ ಕೋಣೆ ತುಂಬಿಹೋಗಿತ್ತು. ಬ್ಯೂಟಿಷಿಯನ್ ಪಲ್ಲವಿಯ ತಲೆಯ ಅಲಂಕಾರ ಮುಗಿಸಿ, ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು ಸುಮನಾಳ ಕಡೆ ತಿರುಗಿದಳು.

"ಬನ್ನಿ ಅಕ್ಕ, ನಿಮ್ದೂ ಕ್ಲೀನ್ ಮಾಡಿಬಿಡ್ತೀನಿ."

"ಬೇಡ. ಲೇಸರ್ ಆಗಿದೆ, ಕೀಳಬಾರದು."

ಪಲ್ಲವಿಯ ತಾಯಿ, ಸುಮನಾಳಿಗೆ ಅತ್ತೆ, ಹೂವಿನ ಬುಟ್ಟಿ ಇಟ್ಟು ಹತ್ತಿರ ಬಂದರು. "ಇವತ್ತೊಂದಿನ ಕಣೇ. ಆ ಕಿರಣ್‌ಕುಮಾರ್ ಅವರಮ್ಮ ಆಗ್ಲೇ ಬಂದು ತಿಂಡಿಗೆ ಕೂತವ್ರೆ. ಈ ಗದ್ದ ಹೊತ್ಕೊಂಡು ಹೋಗಿ ನಮಸ್ಕಾರ ಮಾಡ್ತೀಯ?"

ಬ್ಯೂಟಿಷಿಯನ್ ಕೈ ಚಾಚಿದಳು. ಸುಮನಾ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಬ್ಯಾಗಿನಿಂದ ಜೆಲ್ ತೆಗೆದಳು, ಆಮೇಲೆ ರೇಜರ್. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಅಲ್ಲಿ ಬೆಳಕಿರಲಿಲ್ಲ, ಕನ್ನಡಿ ಇದ್ದದ್ದು ಇಲ್ಲಿ. ಅದೂ ಅಲ್ಲದೆ, ಬಾಗಿಲು ಹಾಕಿಕೊಂಡು ಅವಳಿಗೆ ಸಾಕಾಗಿತ್ತು.

ಒಬ್ಬರು ಕೈಯಲ್ಲಿದ್ದ ಪಿನ್ ಹಾಗೇ ಹಿಡಿದು ನೋಡಿದರು.

"ಹೆಣ್ಮಕ್ಕಳು ಮುಖಕ್ಕೆ ಬ್ಲೇಡ್ ಇಟ್ರೆ ಗಡ್ಡ ಬರುತ್ತೆ ಕಣೇ" ಅಂದರು ಅತ್ತೆ, ದನಿ ತಗ್ಗಿಸಿ.

"ಬಂದಿರೋದೇ ಗಡ್ಡ ಅಲ್ವಾ ಅತ್ತೆ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಸುಮನಾ ಗದ್ದಕ್ಕೆ ಜೆಲ್ ಹಚ್ಚಿಕೊಂಡಳು. ಗೋಡೆಯ ಕನ್ನಡಿಯಲ್ಲಿ ಗದ್ದದ ಕೆಳಭಾಗ ಸರಿಯಾಗಿ ಕಾಣುತ್ತಿರಲಿಲ್ಲ. ಆಗ ಕರಿಬಸಮ್ಮ ಎದ್ದು ಬಂದರು. ಬಯ್ಯುತ್ತಾರೆ ಅಂದುಕೊಂಡಳು. ಅವರು ಕನ್ನಡಿಯನ್ನು ಗೋಡೆಯಿಂದ ಇಳಿಸಿ, ಕಿಟಕಿಯ ಬೆಳಕು ಬೀಳುವ ಹಾಗೆ ಮಗಳ ಮುಂದೆ ಹಿಡಿದು ನಿಂತರು.

"ಎಡಗಡೆ ಸ್ವಲ್ಪ ಉಳ್ಕೊಂಡಿದೆ ನೋಡು" ಅಂದರು ಕೊನೆಗೆ.

ಸುಮನಾ ಒರೆಸಿಕೊಂಡು, ಕ್ರೀಮ್ ಹಚ್ಚಿಕೊಂಡಳು. ಪಲ್ಲವಿಯ ಕೈ ಹಿಡಿದು ಮಂಟಪಕ್ಕೆ ನಡೆದಳು. ಕಿರಣ್‌ಕುಮಾರ್‌ನ ತಾಯಿಗೆ ನಮಸ್ಕಾರ ಮಾಡಿದಳು. ಅವರು ಊರು, ಕೆಲಸ, ಓದು ಎಲ್ಲ ಕೇಳಿದರು. ಊಟದ ಪಂಕ್ತಿಯಲ್ಲಿ ಹೆಂಗಸರ ಕೋಣೆಯ ಸಂಗತಿ ಅವರ ಕಿವಿಗೂ ಬಿತ್ತು. ಹೋಗುವಾಗ ಅವರು ಸುಮನಾಳಿಗೆ ಏನೂ ಹೇಳದೆ ಹೋದರು.

"ಈ ಸಂಬಂಧ ಹೋಯ್ತು ಬುಡು" ಅಂದರು ಅಜ್ಜಿ, ವಾಪಸ್ ಬರುವ ಬಸ್ಸಿನಲ್ಲಿ. ಸುಮನಾ ಕಿಟಕಿಯ ಪರದೆ ಎಳೆದುಕೊಂಡು ನಿದ್ದೆ ಮಾಡಿದಳು.

ಕೆಲವು ದಿನ ಬಿಟ್ಟು ಕಿರಣ್‌ಕುಮಾರನೇ ಫೋನ್ ಮಾಡಿದ. ಛತ್ರದಲ್ಲಿ ನಡೆದದ್ದನ್ನು ತಾಯಿ ಹೇಳಿದ್ದರಂತೆ. ಮಾತು ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ, "ಅದು ಪೂರ್ತಿ ವಾಸಿ ಆಗುತ್ತಾ?" ಅಂತ ಕೇಳಿದ.

"ಗೊತ್ತಿಲ್ಲ. ಬಹಳ ಕಡಿಮೆ ಆಗುತ್ತೆ ಅಂದವ್ರೆ. ಹಾರ್ಮೋನಿಂದು, ಆಗಾಗ ಹೋಗಿ ಮಾಡಿಸ್ತಾ ಇರಬೇಕಾಗ್ಬೋದು. ಮದುವೆ ಆದ್ಮೇಲೂ ಹೋಗ್ತೀನಿ. ಅದನ್ನ ಮುಚ್ಚಿಟ್ಟು ನಾನು ಯಾರ ಮನೆಗೂ ಬರಲ್ಲ."

"ಬಹಳ ನೋಯುತ್ತಾ?" ಅಂತ ಕೇಳಿದ ಅವನು.

ಆ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂಗೆ" ಅಂದಳು. "ಆಮೇಲೆ ಉರಿಯುತ್ತೆ."

ಮುಂದಿನ ಭಾನುವಾರ ಅವರು ಮನೆಗೆ ಬರುತ್ತೇವೆಂದರು. ಹಿಂದಿನ ದಿನ, ಶನಿವಾರವೇ, ಲೇಸರ್ ಇತ್ತು. ಅದನ್ನು ಮುಂದಕ್ಕೆ ಹಾಕು ಅಂತ ಅಪ್ಪ ಸದಾಶಿವಯ್ಯ ಕೂಡ ಹೇಳಿದರು. ಅವರು ಇಂಥ ವಿಷಯಕ್ಕೆ ಬಾಯಿ ಹಾಕಿದ್ದು ಅದೇ ಮೊದಲು.

"ಕೆಂಪು ಮುಖಾನೇ ನೋಡ್ಕೊಂಡು ಹೋಗ್ಲಿ ಅಪ್ಪ" ಅಂದಳು.

ಭಾನುವಾರ ಗದ್ದದ ಮೇಲೆ ಸಣ್ಣ ಸಣ್ಣ ದದ್ದು ಎದ್ದಿದ್ದವು. ಪೌಡರ್ ಹಾಕಲಿಲ್ಲ. ಕಾಫಿ ಕೊಟ್ಟು ಎದುರಿಗೆ ಕುಳಿತಳು, ಕೈ ಎರಡೂ ತೊಡೆಯ ಮೇಲಿದ್ದವು. ಕಿರಣ್‌ನ ತಾಯಿ ಬಹಳ ಹೊತ್ತು ಅವಳ ಮುಖ ನೋಡಿ, "ನಮ್ಮ ಅಕ್ಕಂಗೂ ಹಿಂಗೇ ಇತ್ತು. ಸೆರಗಲ್ಲಿ ಗದ್ದ ಮುಚ್ಕೊಂಡೇ ಸತ್ಲು" ಅಂದರು. ಕಾಫಿ ಲೋಟ ಕೆಳಗಿಟ್ಟು, ಬೇಸಿಗೆಯಲ್ಲೇ ಮದುವೆ ಮಾಡಿ ಮುಗಿಸೋಣ ಅಂದರು.

"ಬೇಸಿಗೆ ಆಗಲ್ಲ ಅಮ್ಮ" ಅಂದಳು ಸುಮನಾ. "ಅಷ್ಟರಲ್ಲಿ ನನ್ನ ಟ್ರೀಟ್‌ಮೆಂಟ್ ಮುಗಿಯಲ್ಲ. ಬಿಸಿಲು, ಅರಿಶಿನ, ಮೇಕಪ್ ಯಾವ್ದೂ ಆಗಲ್ಲ. ದಸರಾ ಕಳೀಲಿ."

ಕಿರಣ್ ತಾಯಿಯ ಕಡೆ ನೋಡಲಿಲ್ಲ. "ದಸರಾ ಆದ್ಮೇಲೇ ಆಗ್ಲಿ" ಅಂದ.

ಅವರು ಹೋದ ಮೇಲೆ ಉರಿ ಇನ್ನೂ ಇತ್ತು. ಕರಿಬಸಮ್ಮ ಕೇಳದೆಯೇ ಒಂದು ತೆಳು ಬಟ್ಟೆ ತಣ್ಣೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ತಂದು ಮಗಳ ಪಕ್ಕದಲ್ಲಿ ಕುಳಿತರು. ಬಟ್ಟೆ ಅವಳ ಗದ್ದಕ್ಕೆ ಒತ್ತುತ್ತ, ತಮ್ಮ ಗದ್ದವನ್ನು ಇನ್ನೊಂದು ಕೈಯಲ್ಲಿ ಸವರಿಕೊಂಡರು. ಚಿಮಟದಲ್ಲಿ ಕಿತ್ತು ಕಿತ್ತು ಅಲ್ಲಿ ಗಂಟುಗಟ್ಟಿದ ಚರ್ಮ ಇತ್ತು.

"ಮುಂದಿನ್ ಸಲ ಹೋಗುವಾಗ ನಾನೂ ಬರ್ತೀನಿ" ಅಂದರು. "ಈ ವಯಸ್ಸಲ್ಲಿ ಮಾಡ್ತಾರಾ ಅಂತ ಕೇಳ್ಬೇಕು. ಬೆಳ್ಳಗಾಗಿರೋದಕ್ಕೆ ಲೇಸರ್ ಹಿಡಿಯಲ್ವಂತೆ, ಕರ್ರಗಿರೋದಾದ್ರೂ ಹೋಗ್ಲಿ."

"ಅರಿಶಿನ ಬಿಡ್ತೀಯಾ?"

"ಬಿಡ್ತೀನಿ" ಅಂದರು ಕರಿಬಸಮ್ಮ, ಬಟ್ಟೆಯನ್ನು ಮಗ್ಗುಲು ಬದಲಿಸಿ ಇಡುತ್ತ.