ಗಿರಣಿ ನಿಂತ ಒಂದು ನಿಮಿಷ

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇಲ್ಲ. ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಹಿಂದಿನ ಎರಡು ಕೋಣೆಗಳಲ್ಲಿ ನಾವು. ಬೆಳಿಗ್ಗೆ ಬೆಲ್ಟು ತಿರುಗಲು ಶುರುವಾದರೆ ಸಂಜೆಯವರೆಗೂ ನಿಲ್ಲುವುದಿಲ್ಲ. ಉಪ್ಪು ಕೇಳಬೇಕಾದರೂ ಕೂಗಬೇಕು, ಮುದ್ದು ಮಾಡಬೇಕಾದರೂ ಕೂಗಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಸೊಸೆ, ಮಾವ ಬಯ್ಯುತ್ತಿದ್ದಾರೆಂದು ಒಂದು ತಿಂಗಳು ಅತ್ತಿದ್ದಳು. ಪಾಪ, ಅವರು ಊಟ ಆಯ್ತಾ ಎಂದು ಕೇಳುತ್ತಿದ್ದರಷ್ಟೆ.

ಇಂಥ ಮನೆಯಲ್ಲಿ ಹುಟ್ಟಿದವಳು ನನ್ನ ಮೊಮ್ಮಗಳು. ಯಾವಾಗಲೂ ಮುಖಕ್ಕೆ ಹಿಟ್ಟು ಮೆತ್ತಿಕೊಂಡಿರುತ್ತಾಳೆ, ಅದಕ್ಕೇ ಅವಳನ್ನು ಬಿಳಿಮೂತಿ ಎನ್ನುತ್ತೇವೆ. ಮೂರು ವರ್ಷ ತುಂಬಿದರೂ ಅವಳ ಬಾಯಲ್ಲಿ ಬರುತ್ತಿದ್ದ ಮಾತು ಹತ್ತೋ ಹನ್ನೆರಡೋ. ಕರೆದರೆ ಒಮ್ಮೊಮ್ಮೆ ಬರುತ್ತಿದ್ದಳು, ಒಮ್ಮೊಮ್ಮೆ ಇಲ್ಲ. "ಇವರಪ್ಪನೂ ತಡವಾಗೇ ಮಾತಾಡಿದ್ದು. ಇವಳಿಗೆ ಹಠ ಬೇರೆ ಜಾಸ್ತಿ" ಎಂದು ನಾನೇ ತೀರ್ಪು ಕೊಟ್ಟು ಸುಮ್ಮನಾಗಿದ್ದೆ.

ಸೊಸೆ ಹೊಲಿಗೆ ಕಾರ್ಖಾನೆಗೆ ಹೋಗುತ್ತಾಳೆ. ಹಾಗಾಗಿ ಮಗುವನ್ನು ಬೀದಿಯ ಕೊನೆಯಲ್ಲಿರುವ ಶಿಶುವಿಹಾರಕ್ಕೆ ಸೇರಿಸಿದ್ದೆವು. ಉದ್ದನೆಯ ಕೋಣೆ, ಗೋಡೆಯಲ್ಲಿ ಮಕ್ಕಳ ಕೈಗೆಟುಕುವಂತೆ ಸಾಲು ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ಟೋಪಿ. ಮೂವತ್ತು ಮಕ್ಕಳಿಗೆ ಒಬ್ಬರು ಟೀಚರ್, ಇಬ್ಬರು ಸಹಾಯಕಿಯರು. ಟೀಚರ್ ದನಿ ಎತ್ತಿದ್ದನ್ನು ನಾನು ನೋಡಿದ್ದೇ ಇಲ್ಲ. "ಅವರಿಗೆ ಗಂಟಲೇ ಇಲ್ವೇನೋ" ಎಂದು ಆಡಿಕೊಳ್ಳುತ್ತಿದ್ದೆ.

ಶಿಶುವಿಹಾರದ ಬಾಗಿಲಿಗೆ ಯಾವುದೋ ಸಂಘದವರು ಒಂದು ಕಾಗದ ಅಂಟಿಸಿ, ಕೆಳಗೆ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಪುಟ್ಟ ಮಕ್ಕಳನ್ನು ಶ್ರದ್ಧೆಯಿಂದ ನೋಡಿಕೊಳ್ಳುವವರನ್ನು ಈ ವರ್ಷ ಗೌರವಿಸುತ್ತೇವೆ, ನೀವು ಕಂಡವರ ಬಗ್ಗೆ ನಾಲ್ಕು ಸಾಲು ಬರೆದು ಹಾಕಿ ಎಂದು ಅದರಲ್ಲಿತ್ತು. ಸೊಸೆ ಓದಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. "ಮೂಗು ಒರೆಸೋಕೂ ಸನ್ಮಾನನಾ? ಹಾಗಾದ್ರೆ ನನಗೆ ಒಂದು ಚೀಲ ಪದಕ ಬರಬೇಕಿತ್ತು!" ಎಂದೆ.

ಒಂದು ಮಧ್ಯಾಹ್ನ ಶಿಶುವಿಹಾರ ಬಿಟ್ಟ ಮೇಲೆ ಟೀಚರ್ ಗಿರಣಿಗೇ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್ಕು. ಗಿರಾಕಿಗಳು ಸಾಲಾಗಿ ನಿಂತಿದ್ದರು.

"ಅಮ್ಮಾ, ಒಳಗೆ ಹೋಗಿ ಮಾತಾಡೋಣ್ವಾ?" ಎಂದರು.

"ಇಲ್ಲೇ ಹೇಳಿ, ಜೋರಾಗಿ ಹೇಳಿ!" ಎಂದೆ ನಾನು.

ಅವರು ಹಿಂದೆ ಮುಂದೆ ನೋಡಿದರು. ನಾನು ಬಿಡಲಿಲ್ಲ. ಕೊನೆಗೆ ದನಿ ಎತ್ತಿ ಹೇಳಿದರು: "ಬಿಳಿಮೂತಿಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ ಅನ್ಸುತ್ತೆ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಟೀಚರ್, ನನ್ನ ಮೊಮ್ಮಗಳನ್ನ ಕಿವುಡಿ ಅಂತೀರಾ? ನಾನು ಕರೆದ್ರೆ ಓಡಿ ಬರ್ತಾಳೆ! ನಾಳೆಯಿಂದ ಅವಳನ್ನ ಕಳಿಸೋದೇ ಇಲ್ಲ, ಹೋಗಿ!"

"ಕಳಿಸದಿದ್ರೂ ಪರವಾಗಿಲ್ಲ ಅಮ್ಮಾ, ಡಾಕ್ಟರಿಗೆ ಒಂದ್ಸಲ ತೋರಿಸಿ. ಮಾತು ಕಲಿಯೋ ವಯಸ್ಸಿದು. ಕೇಳಿಸದೇ ಹೇಗೆ ಕಲೀತಾಳೆ?" ಎಂದು ಅವರು ನೋಟ್‌ಬುಕ್ಕು ತೆರೆದರು. "ದಿನಾ ಮನೆಗೆ ಹೊರಡೋ ಹೊತ್ತಿಗೆ ನಾವು ಮಕ್ಕಳ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, ಒಬ್ಬೊಬ್ಬರನ್ನೇ ಕರೆದು 'ಟೋಪಿ ತಗೋ' ಅಂತೀವಿ. ಇವಳು ಪಕ್ಕದವರು ಎದ್ದಾಗ ಮಾತ್ರ ಏಳ್ತಾಳೆ. ನೆಗಡಿ ಇತ್ತಲ್ಲ, ಹೋದ ಮೇಲೆ ಸರಿಯಾಗಬಹುದು ಅಂತ ನೋಡಿದ್ವಿ. ಆಗಲಿಲ್ಲ. ನಿಮ್ಮ ಕೈಯಲ್ಲೇ ಎರಡು ಸಲ ಚೀಟಿ ಕೊಟ್ಟಿದ್ದೆ."

ಚೀಟಿ! ಟೋಪಿ ಒಗೆದು ಕಳಿಸಿ ಅಂತಲೋ ಏನೋ ಇರಬೇಕೆಂದು ಎರಡನ್ನೂ ಬಿಚ್ಚದೆ ತಕ್ಕಡಿಯ ಕೆಳಗೆ ತುರುಕಿದ್ದೆ. ಅಲ್ಲೇ ಇದ್ದವು. ಆದರೂ ನಾನು ಸೋಲಲಿಲ್ಲ. "ನಮ್ಮ ಮಗು ನಮಗೆ ಗೊತ್ತಿಲ್ವಾ?" ಎಂದೆ.

"ಒಂದೇ ನಿಮಿಷ ಗಿರಣಿ ನಿಲ್ಲಿಸ್ತೀರಾ?" ಎಂದರು ಟೀಚರ್. ನನ್ನನ್ನಲ್ಲ, ನನ್ನ ಯಜಮಾನರನ್ನು ಕೇಳಿದರು.

ಯಜಮಾನರು ಸ್ವಿಚ್ಚು ಇಳಿಸಿದರು. ಬೆಲ್ಟು ನಿಧಾನವಾಗಿ ನಿಂತಿತು. ಹಗಲು ಹೊತ್ತಿನಲ್ಲಿ ನಮ್ಮ ಮನೆ ಅಷ್ಟು ಸುಮ್ಮನಾಗಿದ್ದು ನನಗೆ ನೆನಪೇ ಇಲ್ಲ. ಮಗು ನಮಗೆ ಬೆನ್ನು ಹಾಕಿ ಕುಳಿತು ಡಬ್ಬದಿಂದ ಡಬ್ಬಕ್ಕೆ ಹಿಟ್ಟು ಸುರಿಯುತ್ತಿತ್ತು.

"ಬಿಳಿಮೂತಿ," ಎಂದರು ಟೀಚರ್. ಅದು ತಿರುಗಲಿಲ್ಲ.

ನಾನು ಎರಡು ಹೆಜ್ಜೆ ಹತ್ತಿರ ಹೋದೆ. "ಬಿಳಿಮೂತೀ… ನನ್ನ ಚಿನ್ನಾ…" ಎಂದೆ.

ಮಗು ಹಿಟ್ಟು ಸುರಿಯುತ್ತಲೇ ಇತ್ತು. ಮೂರು ವರ್ಷದಲ್ಲಿ ನಾನು ಅವಳನ್ನು ಹೀಗೆ ಮೆಲ್ಲಗೆ ಒಂದು ಸಲವಾದರೂ ಕರೆದಿರಲಿಲ್ಲ. ಅವಳು ಬರುತ್ತಿದ್ದದ್ದು ನನ್ನ ಕೂಗಿಗೆ, ಕೈಸನ್ನೆಗೆ. ಮಗುವಿಗೆ ಕೇಳಿಸುತ್ತಿಲ್ಲವೆಂದು ಗೊತ್ತಾಗದಷ್ಟು ನಾವೇ ಕಿವುಡರಾಗಿದ್ದೆವು.

ಮಾರನೆಯ ದಿನ ಟೀಚರ್ ಕೊಟ್ಟ ನೋಟ್‌ಬುಕ್ಕು ಹಿಡಿದು ಎಲ್ಲರೂ ಆಸ್ಪತ್ರೆಗೆ ಹೋದೆವು. ಸೊಸೆ ದಾರಿಯುದ್ದಕ್ಕೂ ಮಗುವನ್ನು ಎದೆಗವಚಿಕೊಂಡಿದ್ದಳು. ಕಿವಿ ಡಾಕ್ಟರು ಬಗ್ಗಿ ಬಗ್ಗಿ ನೋಡಿದರು. ಮಗುವನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು.

"ಹುಟ್ಟಿನಿಂದ ಬಂದ ಕಿವುಡಲ್ಲ," ಎಂದರು. "ಕಿವಿಯೊಳಗಿನ ಪರದೆಯ ಹಿಂದೆ ನೀರು ತುಂಬಿದೆ. ನೆಗಡಿ ಆದ ಮೇಲೆ ಎಷ್ಟೋ ಮಕ್ಕಳಿಗೆ ಹೀಗಾಗುತ್ತೆ. ಇವಳಿಗೆ ಹಿಂದೆಯೂ ಆಗಿರಬೇಕು, ಅದಕ್ಕೇ ಮಾತು ತಡವಾಗಿದೆ. ಸಾಮಾನ್ಯವಾಗಿ ಮೂರು ತಿಂಗಳು ಕಾದು ನೋಡ್ತೀವಿ. ಈ ನೋಟ್‌ಬುಕ್ಕಲ್ಲಿ ತಾರೀಖು ಸಮೇತ ಬರೆದಿದ್ದಾರಲ್ಲ, ಹತ್ತು ವಾರ ಆಗಲೇ ಕಳೆದಿದೆ. ಇನ್ನು ಸ್ವಲ್ಪ ದಿನ ನೋಡೋಣ. ಇಳೀದಿದ್ರೆ ಸಣ್ಣ ಕೊಳವೆ ಇಟ್ಟು ನೀರು ತೆಗೀತೀವಿ. ಚೆನ್ನಾಗಿ ಕೇಳಿಸುತ್ತೆ, ಹೆದರಬೇಡಿ. ಯಾರ್ರೀ ಇದನ್ನ ಬರೆದದ್ದು?"

"ನಮ್ಮ ಟೀಚರು," ಎಂದಳು ಸೊಸೆ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ನಮ್ಮ ಮನೆ ಅಭ್ಯಾಸದಂತೆ ಜೋರಾಗಿಯೇ ಅತ್ತೆ, ನರ್ಸು ಓಡಿ ಬಂದಳು.

ನೀರು ತಾನಾಗಿ ಇಳಿಯಲಿಲ್ಲ, ಕೊಳವೆಯನ್ನೇ ಇಟ್ಟರು. ಮನೆಗೆ ಬಂದ ಎರಡನೆಯ ದಿನ, ಗಿರಣಿ ಓಡುತ್ತಿತ್ತು, ನಾನು ಒಳಗಿನಿಂದ ಏನೋ ಕೂಗಿದೆ. ಬಿಳಿಮೂತಿ ಎರಡೂ ಕಿವಿ ಮುಚ್ಚಿಕೊಂಡು, ನನ್ನ ಮುಖವನ್ನೇ ನೋಡುತ್ತಾ, "ಅಜ್ಜೀ, ಕೂಗಬೇಡ!" ಎಂದಳು. ಮೊಮ್ಮಗಳು ಗದರಿದಳೆಂದು ಖುಷಿಪಟ್ಟ ಅಜ್ಜಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಎಂಥ ನಿರಾಳವಾಯಿತು ಗೊತ್ತೇ!

ಸೋಮವಾರ ಶಿಶುವಿಹಾರಕ್ಕೆ ಹೋಗಿ ಟೀಚರ್ ಕೈ ಹಿಡಿದುಕೊಂಡೆ. "ಅವತ್ತು ಬಾಯಿಗೆ ಬಂದಂಗೆ ಅಂದುಬಿಟ್ಟೆ. ತಪ್ಪಾಯ್ತಮ್ಮಾ," ಎಂದೆ.

"ಬಿಡಿ ಅಮ್ಮಾ, ಅಜ್ಜಿಯರು ಅಂದ ಮೇಲೆ ಜಗಳ ಆಡದೇ ಇರ್ತಾರಾ?" ಎಂದು ನಕ್ಕರು. ನಾನು ಪೆಟ್ಟಿಗೆಯ ಕಡೆ ಕೈ ತೋರಿಸಿ, ಬರೆಯುತ್ತೇನೆ ಎಂದೆ. "ಬರೆಯೋದಾದ್ರೆ ಈ ಇಬ್ಬರನ್ನೂ ಸೇರಿಸಿ. ಮೊದಲು ಗಮನಿಸಿದ್ದು ಇವಳು, ದಿನಾ ಬಿಡದೆ ಬರೆದಿಟ್ಟದ್ದು ಅವಳು," ಎಂದು ಸಹಾಯಕಿಯರನ್ನು ಮುಂದಕ್ಕೆ ಕರೆದರು. ಹುಡುಗಿಯರು ನಾಚಿಕೊಂಡರು. ತಮಗೆ ಹೀಗೆ ಗಮನಿಸಿ ನೋಡುವುದನ್ನು ಕಲಿಸಿದ್ದು ಟೀಚರೇ ಎಂದು ಇಬ್ಬರೂ ನನಗೆ ಆಮೇಲೆ ಹೇಳಿದರು.

ನನ್ನದು ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ನಾಲ್ಕು ಸಾಲು ಸಾಕೆಂದಿದ್ದರು, ನಾನು ಹಾಳೆಯ ಎರಡೂ ಬದಿ ತುಂಬಿಸಿದೆ. ಕೊನೆಯ ಸಾಲು ಮಾತ್ರ ನಿಮಗೆ ಹೇಳುತ್ತೇನೆ: "ಈಗ ನಾನು ಮೆಲ್ಲಗೆ ಕರೆದರೂ ಮಗು ತಿರುಗಿ ನೋಡುತ್ತದೆ." ಪೆಟ್ಟಿಗೆಯೊಳಗೆ ಅಲ್ಲಿಯವರೆಗೆ ಬಿದ್ದಿದ್ದ ಚೀಟಿಗಳು ಮೂರೇ ಮೂರು. ಮೂವತ್ತು ಮನೆಯವರು ದಿನವೂ ಆ ಬಾಗಿಲಲ್ಲಿ ಓಡಾಡುತ್ತೇವೆ, ನಾಚಿಕೆಯಾಗಬೇಕು ನಮಗೆ!

ಅದಕ್ಕೇ ಕೇಳುತ್ತೇನೆ, ಓದುತ್ತಿರುವ ಅಕ್ಕ, ಅಣ್ಣ, ಅಜ್ಜ, ಅಜ್ಜಿಯರೇ, ನಿಮ್ಮ ಮಗುವನ್ನು ಹಗಲೆಲ್ಲ ನೋಡಿಕೊಳ್ಳುವವರು ಕೊಟ್ಟ ಚೀಟಿಯನ್ನು ಬಿಚ್ಚಿ ಓದಿ. ಅವರು ಮಗುವಿನ ಬಗ್ಗೆ ಏನಾದರೂ ಹೇಳಲು ಬಂದರೆ, ಕೋಪ ಆಮೇಲೆ ಮಾಡಿಕೊಳ್ಳಿ, ಮೊದಲು ಡಾಕ್ಟರಿಗೆ ತೋರಿಸಿ. ಅವರ ಕೆಲಸ ಮೂಗು ಒರೆಸುವುದಷ್ಟೇ ಅಲ್ಲವೆಂದು ನಾಲ್ಕು ಜನರೆದುರು ಹೇಳಿ, ಬರೆದೂ ಕೊಡಿ. ನಿಮ್ಮ ಮನೆಯಲ್ಲಿ ಸದ್ದು ಮಾಡುತ್ತಿರುವುದು ಗಿರಣಿಯೋ, ಟಿವಿಯೋ, ಅಥವಾ ನನ್ನ ಹಾಗೆ ನಿಮ್ಮ ಬಾಯಿಯೋ ಗೊತ್ತಿಲ್ಲ. ಅದನ್ನು ಒಂದು ನಿಮಿಷ ನಿಲ್ಲಿಸಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ.