ಗುರುವಾರದ ಎರಡು ಕಾಸು

ಪತ್ರಿಕೆ ಕಚೇರಿಯಲ್ಲಿ ಆತನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಲ್ಪವಿರಾಮ ಎಂದು. ಒಂದು ಅಲ್ಪವಿರಾಮ ತಪ್ಪಿದೆಯೆಂದು ಓಡುತ್ತಿದ್ದ ಅಚ್ಚುಯಂತ್ರವನ್ನೇ ನಿಲ್ಲಿಸಿದ ಭೂಪ. ಕರಡು ತಿದ್ದುವುದರ ಜೊತೆಗೆ ಇನ್ನೊಂದು ಕೆಲಸವೂ ಆತನ ತಲೆಗೆ ಗಂಟುಬಿದ್ದಿತ್ತು. ಹೊಳೆಯಾಚೆಯ ದೇಶದ ಒಂದು ನೋಟಿಗೆ ಈಚೆಯ ದೇಶದಲ್ಲಿ ಎಷ್ಟು ಕಾಸು ಎಂದು ಮೂರನೇ ಪುಟದ ಮೂಲೆಯಲ್ಲಿ ದಿನವೂ ಹಾಕಬೇಕು. ಎರಡೂ ದೇಶಗಳನ್ನು ಭೂಪಟದಲ್ಲಿ ಹುಡುಕಲು ಕನ್ನಡಕ ಬೇಕು. ಅವುಗಳ ನೋಟನ್ನು ಮೂರನೆಯವರು ಮೂಸಿಯೂ ನೋಡುತ್ತಿರಲಿಲ್ಲ.

ನಿವೃತ್ತನಾಗಿ ಇಪ್ಪತ್ತು ವರ್ಷವಾದ ಮೇಲೆ ಆ ಮೂಲೆಯನ್ನು ಹುಡುಕಿಕೊಂಡು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಮನೆಗೆ ಬಂದಳು. ಬ್ಯಾಂಕುಗಳ ಹಳೇ ದಾಖಲೆಯೆಲ್ಲ ಗೆದ್ದಲಿನ ಪಾಲಾಗಿ, ಆ ಕಾಲದ ದರಕ್ಕೆ ಈ ಪತ್ರಿಕೆಯೊಂದೇ ಗತಿಯಾಗಿತ್ತು. ಅವಳು ಹದಿನಾಲ್ಕು ವರ್ಷದ ದರವನ್ನು ಹಾಳೆಗಳ ಮೇಲೆ ಗೆರೆಯಾಗಿ ಎಳೆದು ತಂದು ಊಟದ ಮೇಜಿನ ತುಂಬ ಹಾಸಿದಳು. ಗೆರೆಗೆ ಗರಗಸದ ಹಲ್ಲು. ಪ್ರತಿ ಗುರುವಾರ ಆಚೆಯ ನೋಟು ಎರಡು ಕಾಸು ಏರುತ್ತಿತ್ತು, ಶುಕ್ರವಾರ ಇಳಿದು ತೆಪ್ಪಗಾಗುತ್ತಿತ್ತು. ಗುರುವಾರ ಸರಕಿನ ದೋಣಿಗಳು ಬರುತ್ತಿದ್ದದ್ದೇ ಕಾರಣವೆಂದು ಅವಳು ನಾಲ್ಕು ವರ್ಷ ಕೂತು ತೊಂಬತ್ತು ಪುಟ ಬರೆದಿದ್ದಳು. ದರವೆಲ್ಲ ಆಚೆಯ ಬ್ಯಾಂಕಿನ ತಂತಿಯಿಂದಲೇ ಬಂದದ್ದು ಎಂಬ ಹಾಳೆಗೆ ಈಗ ಅಲ್ಪವಿರಾಮನ ಸಹಿಯೊಂದು ಬೇಕಿತ್ತು.

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಗುರುವಾರ ಆಚೆಯ ಬ್ಯಾಂಕಿಗೆ ರಜೆ. ತಂತಿಯೂ ಇಲ್ಲ, ಗಿಂತಿಯೂ ಇಲ್ಲ. ಬುಧವಾರದ ದರವನ್ನೇ ಮತ್ತೆ ಹಾಕಬೇಕೆಂಬುದು ನಿಯಮ. ಅಲ್ಪವಿರಾಮ ಅದಕ್ಕೆ ಎರಡು ಕಾಸು ಸೇರಿಸಿ ಹಾಕುತ್ತಿದ್ದ.

ಆತನ ಹೆಂಡತಿ ಹೊಳೆಯಾಚೆಯವಳು. ಆತನ ತಾಯಿ ಇರುತ್ತಿದ್ದದ್ದು ಅಣ್ಣನ ಮನೆಯಲ್ಲಿ; ಗುರುವಾರ ಮಾತ್ರ ಇಲ್ಲಿಗೆ ಊಟಕ್ಕೆ ಬಂದು, ವಾರಕ್ಕಾಗುವಷ್ಟು ಸೊಸೆಯನ್ನು ಹಂಗಿಸಿ ಹೋಗುತ್ತಿದ್ದಳು. ಕಣ್ಣು ಮಂಜಾದ ಅತ್ತೆಗೆ ಮಧ್ಯಾಹ್ನದ ಪತ್ರಿಕೆ ಓದಿ ಹೇಳುವುದು ಸೊಸೆಯ ಪಾಲು. ಮುದುಕಿ ಬೇರೇನನ್ನೂ ಕೇಳುತ್ತಿರಲಿಲ್ಲ, ನಿನ್ನ ತವರಿನ ಕಾಸು ಇವತ್ತು ಎಷ್ಟು ಬಿತ್ತು ಎಂದಷ್ಟೇ ಕೇಳುತ್ತಿದ್ದಳು. ಒಂದು ಗುರುವಾರ ಹೆಂಡತಿಯ ಕಣ್ಣು ತುಂಬಿದ್ದನ್ನು ಅಲ್ಪವಿರಾಮ ಕಂಡ. ತಾಯಿಗೆ ಎದುರಾಡುವ ಗಂಡೆದೆ ಆತನಿಗಿರಲಿಲ್ಲ, ಪೆನ್ನಿತ್ತು. ಮುಂದಿನ ಗುರುವಾರದಿಂದ ಆಕೆ, ಎರಡು ಕಾಸು ಏರಿದೆ ಅತ್ತೆ, ಎಂದು ತಲೆಯೆತ್ತಿ ಓದತೊಡಗಿದಳು. ಸೇತುವೆಯ ಮೇಲೆ ನೋಟು ಬದಲಿಸುವವರೂ ಇದೇ ಪತ್ರಿಕೆ ನೋಡಿ ದುಡ್ಡು ಎಣಿಸಿ ಕೊಡುತ್ತಿದ್ದುದರಿಂದ ಯಾರೂ ತಕರಾರು ತೆಗೆಯಲಿಲ್ಲ.

ಅದೇ ಹೆಂಡತಿ ಈಗ ಮೂರು ಮಾರು ದೂರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆ ಗುರುವಾರಗಳ ಸುದ್ದಿ ಹೇಳುವಾಗ ಇಂದಿಗೂ ಆಕೆಯ ಬೆನ್ನು ನೆಟ್ಟಗಾಗುತ್ತಿತ್ತು. ನಿಜ ಹೇಳಿದರೆ ಹುಡುಗಿಯ ದೋಣಿಗಳು ಮುಳುಗುತ್ತವೆ, ಅದೂ ಸಂಕಟವೇ. ಆದರೆ ಅಲ್ಪವಿರಾಮನಿಗೆ ನಡುಕ ಹುಟ್ಟಿಸಿದ್ದು ಹೆಂಡತಿಯ ಬೆನ್ನು. ಆಕೆಯ ಜೀವಮಾನದ ಗೆಲುವು ಗಂಡನ ಕೈಚಳಕವೆಂದು ಗೊತ್ತಾದರೆ ಗತಿಯೇನು? ಸಹಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಸುಳ್ಳು ಹಾಳೆಗೆ ಹೆಸರು ಬರೆಯಲು ಕೈ ಏಳಲಿಲ್ಲ.

ಪೆನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟ. ಅವರೆಕಾಯಿ ಸುಲಿಯುವ ಸದ್ದು ನಿಂತಿತು.

ಹುಡುಗಿ ಸಹಿಯ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಹಾಗಿದ್ದರೆ ಮುದ್ರಣದೋಷ ಅಂತ ಹಾಕಲೇ ಎಂದು ಮೆಲ್ಲಗೆ ಕೇಳಿದಳು. ಆತನ ಮರ್ಯಾದೆಯೂ ಉಳಿಯುತ್ತದೆಂದು ಅವಳ ಲೆಕ್ಕ.

"ದೋಷ ಅಲ್ಲಮ್ಮ. ಬೇಕಂತಲೇ ಮಾಡಿದ್ದು. ಅಮ್ಮನ ಬಾಯಿ ಮುಚ್ಚಿಸೋಕೆ ಅಂತ ಬರಿ."

ಇಂಥ ಕಾರಣ ಯಾವ ಪುಸ್ತಕದಲ್ಲೂ ಕಂಡಿರದ ಹುಡುಗಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಸರಸರನೆ ಬರೆದುಕೊಂಡಳು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದಳು. ಅಲ್ಪವಿರಾಮ ತಲೆ ತಗ್ಗಿಸಿ ಕೂತ.

"ಪೆನ್ನು ನಿಮ್ಮ ಕೈಲೇ ಇತ್ತು," ಅಂದಳು. "ಎರಡೇ ಕಾಸಾ?"

ಮೂರು ಹಾಕಿದರೆ ಬ್ಯಾಂಕಿನವರಿಗೆ ಅನುಮಾನ ಬರುತ್ತಿತ್ತು ಎಂದು ಆತ ತೊದಲಿದ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಗರಗಸದ ಹಲ್ಲುಗಳ ಮೇಲೆ ಬೆರಳಾಡಿಸುತ್ತಾ ಹೋಗಿ, ಒಂಬತ್ತನೇ ವರ್ಷದ ಕೊನೆಗೆ ಬಂದು ನಿಂತಳು. ಹಲ್ಲುಗಳು ಅಲ್ಲಿಂದ ಮುಂದಕ್ಕೂ ಇದ್ದವು.

"ಅತ್ತೆ ತೀರಿಕೊಂಡಿದ್ದು ಇಲ್ಲಿ. ಇನ್ನೂ ಐದು ವರ್ಷ ಇದೆಯಲ್ಲ. ಇದು ಯಾರ ಬಾಯಿ ಮುಚ್ಚಿಸೋಕೆ?"

ಅಲ್ಪವಿರಾಮನಿಗೆ ನಾಚಿಕೆಯಾಯಿತು, ಹೊಸದಾಗಿ ಮದುವೆಯಾದವನಿಗೆ ಆಗುವಂಥ ನಾಚಿಕೆ.

"ಅಮ್ಮ ಹೋದ ಮೇಲೂ ನೀನು ಗುರುವಾರ ಪೇಪರ್‌ಗೆ ಬಾಗಿಲಲ್ಲೇ ಕಾಯ್ತಿದ್ದೆ," ಅಂದ. "ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ಆಕೆ ಕುರ್ಚಿ ಎಳೆದುಕೊಂಡು ಗಂಡನ ಪಕ್ಕದಲ್ಲಿ ಕೂತು, ಹುಡುಗಿಯ ಟಿಪ್ಪಣಿ ಪುಸ್ತಕವನ್ನು ತೋರಿಸಿದಳು.

"ಈ ಐದು ವರ್ಷಕ್ಕೆ ಕಾರಣ ಬೇರೆ ಬರ್ಕೊಳ್ಳಮ್ಮ."